ವೆಂಡೆಲಿನ್ನನ ಪಿವೊತೇಕಾ

ಅಂಗಡಿಯ ಹೆಸರಿಗೆ ಬಾಲದಂತೆ ‘ತೇಕಾ’ ಅಂಟಿಸಿದರೆ ಸಾಕು, ಒಳಗಿನ ಸರಕಿಗೆ ತಾನಾಗಿಯೇ ಘನತೆ ಬಂದುಬಿಡುತ್ತದೆ ಎಂದು ಮೊರಾವಿಯಾದ ಆ ಪುಟ್ಟ ಊರು ನಂಬಿತ್ತು. ಗ್ರೀಕರು ಪಾಪ, ಬರೀ ಪೆಟ್ಟಿಗೆಗೆ ಇಟ್ಟ ಹೆಸರದು. ಚೌಕದಾಚೆಯ ಹುಬರ್ಟ್ ತನ್ನ ವೈನಂಗಡಿಯನ್ನು ‘ವಿನೋತೇಕಾ’ ಮಾಡಿದ್ದೇ ತಡ, ಅದೇ ಹುಳಿ ವೈನನ್ನು ಜನ ಕಣ್ಣು ಮುಚ್ಚಿ, ಮೂಸಿ ಮೂಸಿ ಕುಡಿಯತೊಡಗಿದರು. ಹಂಗೇರಿಯಲ್ಲೂ ಇದೇ ಹುಚ್ಚಂತೆ.

ಇತ್ತ ವೆಂಡೆಲಿನ್ನನ ಹಳೇ ಬಿಯರಂಗಡಿಗೆ ಉಳಿದದ್ದು ನಾಲ್ಕೇ ನಾಲ್ಕು ಮುದುಕರು. ವ್ಯಾಪಾರ ಕುದುರದಿದ್ದರೆ ಬಾಗಿಲು ಹಾಕಿ ಭಾವಮೈದುನನ ಹಂದಿಗೂಡು ತೊಳೆಯಲು ಹೋಗಬೇಕು. ಅದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು.

“ನೀನೂ ಒಂದು ತೇಕಾ ಹಾಕ್ಸು, ಅದೇನು ಮಹಾ?” ಎಂದಳು ಹೆಂಡತಿ ದ್ರಾಹೊಮಿರಾ. ಲೋಟ ಚಿಕ್ಕದಾಗಲಿ ಎಂದಳು ಔಷಧದಂಗಡಿಯಾಕೆ. ಬಿಯರು ಕೊಡುವ ಮುಂಚೆ ಒಂದು ಸಣ್ಣ ಭಾಷಣ ಇರಲಿ ಎಂದ ಕ್ಷೌರದವನು. ಇಬ್ಬರೂ ಬಿಯರು ಮುಟ್ಟುವವರಲ್ಲ, ಸಲಹೆಗೇನೂ ಬರವಿರಲಿಲ್ಲ. ಅವರ ಮಾತಿನಲ್ಲಿ ಬಿಯರಿಗೆ ‘ಪಿವೊ’ ಎನ್ನುತ್ತಾರೆ; ಮರುದಿನ ಬೆಳಿಗ್ಗೆ ‘ಪಿವೊತೇಕಾ’ ಎಂಬ ಬೋರ್ಡು ಏರಿತು.

ಮಧ್ಯಾಹ್ನ ಮುದುಕರು ಬಂದರು. ಅವರ ಮುಖಂಡ ಅಲೋಯ್ಸ್, ನಿವೃತ್ತ ಅಂಚೆಯವನು. ಅವನು ಕೂತರೆ ಸಾಕು, ಬಾಯಿ ತೆರೆಯುವ ಮೊದಲೇ ಬಿಯರು ಎದುರಿಗಿರಬೇಕು. ಲೋಟ ಖಾಲಿಯಾದರೆ ಇನ್ನೊಂದು, ಸಾಕೆಂದು ಅವನು ಕೈ ಅಡ್ಡ ಹಿಡಿಯುವ ತನಕ. ಮೂವತ್ತು ವರ್ಷದಿಂದ ನಡೆದುಬಂದದ್ದು. ಇವತ್ತು ವೆಂಡೆಲಿನ್ ಕೈಕಟ್ಟಿ ನಿಂತು, ಹೊಗೆಯ ಘಮ, ಕಿತ್ತಳೆಯ ಛಾಯೆ ಎಂದೆಲ್ಲ ಒದರಿ, ಕೊನೆಗೆ ಕೇಳಿಯೇಬಿಟ್ಟ.

“ತಾವು ಏನು ಕುಡೀತೀರಿ?”

ಅಲೋಯ್ಸನ ಮುಖ ಬಿಳುಚಿತು. “ನನ್ನನ್ನ ಕೇಳ್ತಿದೀಯೇನೋ ವೆಂಡಾ? ನಾನೇನು ಬಸ್ಸಿಳಿದು ಬಂದ ಪ್ರವಾಸಿನಾ?” ಎಂದವನೇ ಎದ್ದ. ಉಳಿದ ಮೂವರೂ ಟೋಪಿ ಹಾಕಿಕೊಂಡರು.

ಸಂಜೆಯವರೆಗೆ ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ಹೇಗಾದರೂ ಮುದುಕರ ಕಾಲು ಹಿಡಿಯೋಣವೆಂದು ವೆಂಡೆಲಿನ್ ಹೊರಬಿದ್ದ. ಚೌಕದಾಚೆ ಗದ್ದಲವೋ ಗದ್ದಲ. ಒಂದೇ ಊರಲ್ಲಿ ಎರಡು ತೇಕಾ ನಡೆಯಲಾರವೆಂದು ಹೆದರಿದ ಹುಬರ್ಟ್, ಬಿಯರಿನ ಪೀಪಾಯಿ ತರಿಸಿ, ತನ್ನ ಬೋರ್ಡು ಇಳಿಸಿ ‘ಹಳೇ ಬಿಯರಂಗಡಿ’ ಎಂದು ಸುಣ್ಣದಲ್ಲಿ ಬರೆದಿದ್ದ. ಒಳಗೆ ಊರಿಗೆ ಊರೇ ನೆರೆದಿತ್ತು. ಕ್ಷೌರದವನೂ ಇದ್ದ, ಔಷಧದಾಕೆಯೂ ಇದ್ದಳು, ಇಬ್ಬರ ಕೈಯಲ್ಲೂ ದೊಡ್ಡ ಲೋಟ.

ಮೂಲೆಯ ಮೇಜಿನಲ್ಲಿ ಅಲೋಯ್ಸನ ಪಕ್ಕ ಒಂದು ಕುರ್ಚಿ ಖಾಲಿಯಿತ್ತು. ಬದುಕಿದೆ ಎಂದುಕೊಂಡು ವೆಂಡೆಲಿನ್ ಅದನ್ನು ಎಳೆದ. ಅಲೋಯ್ಸ್ ಅವನ ತೋಳು ಹಿಡಿದು ಮೆಲ್ಲಗೆ ಹೇಳಿದ:

“ಅಲ್ಲಿ ಕೂರಬೇಡಪ್ಪಾ. ಅದು ಕಾಯಂ ಗಿರಾಕಿಗಳ ಜಾಗ.”