ಬಸವಕಲ್ಯಾಣದಾಗ ಸಮುದ್ರ ಕಲಸಿದ್ದು

ನಮ್ಮ ಬಸವಕಲ್ಯಾಣದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಕಾಣಬೇಕಾದರೆ ಸೊಂಟ ಹಿಡಿಯುವಷ್ಟು ಹೊತ್ತು ಬಸ್ಸಿನಲ್ಲಿ ಕೂರಬೇಕು. ಅಂಥ ಊರಿನಲ್ಲಿ ಮನೆಯೊಳಗೇ ಸಮುದ್ರ ಇಟ್ಟುಕೊಂಡವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ.

ನನ್ನದು ಹುಮನಾಬಾದಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಜೀವ ಕೊಡುವ ಕೆಲಸ. ಮನೆ ಬಸವಕಲ್ಯಾಣದಲ್ಲಿ. ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಅದರಲ್ಲಿ ಜೀವಂತ ಹವಳ, ಬಿಳಿ ಪಟ್ಟಿಯ ಕಿತ್ತಳೆ ಬಣ್ಣದ ಒಂದು ಜೋಡಿ ಮೀನು. ವಾರಕ್ಕೊಮ್ಮೆ ಸ್ವಲ್ಪ ಹಳೆಯ ನೀರು ತೆಗೆದು, ಅಷ್ಟೇ ಹೊಸ ಉಪ್ಪುನೀರು ಹಾಕಬೇಕು. ಆ ನೀರನ್ನು ಡ್ರಮ್ಮಿನಲ್ಲಿ ನಾನೇ ಕಲಸುತ್ತೇನೆ. ಶುದ್ಧ ನೀರು, ಅದಕ್ಕೆಂದೇ ಸಿಗುವ ಸಮುದ್ರದ ಉಪ್ಪು, ತಿರುಗಿಸಲು ನಾನೇ ಕಟ್ಟಿದ ಪುಟ್ಟ ಮೋಟಾರು. ಇಂಥದು ಈ ಕಡೆ ಇನ್ನೊಂದು ಇದ್ದರೆ ಇರಬಹುದು, ನನಗಂತೂ ಯಾರೂ ತೋರಿಸಿಲ್ಲ.

ವಾಸನೆ ಇಲ್ಲದ ಕ್ಯಾನು

ನಮ್ಮ ನಲ್ಲಿ ನೀರು ಹವಳಕ್ಕೆ ಆಗಿಬರುವುದಿಲ್ಲ. ಹುಮನಾಬಾದಿನಲ್ಲಿ ನನ್ನ ಅಂಗಡಿಯ ಪಕ್ಕದವನು ಬ್ಯಾಟರಿ ಮಾರುತ್ತಾನೆ. ಬ್ಯಾಟರಿಗೆ ಹಾಕುವ ಶುದ್ಧ ನೀರು ತಯಾರಿಸುವ ಯಂತ್ರ ಅವನ ಹತ್ತಿರ ಇದೆ. ಒಂದು ಸಂಜೆ ಅಲ್ಲಿಂದ ಕ್ಯಾನು ತುಂಬಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ತಡೆದ.

“ಏನದ ಅದರಾಗ? ಪೆಟ್ರೋಲ್ ಗಿಟ್ರೋಲ್ ಇದ್ರ ಇಳೀರಿ.”

“ಬ್ಯಾಟರಿ ನೀರ್ರಿ.”

“ಬ್ಯಾಟರಿ ಎಲ್ಲದ?”

“ಬ್ಯಾಟರಿ ಇಲ್ರಿ. ಮನ್ಯಾಗ ಮೀನ ಅವ.”

ಅವನು ಕ್ಯಾನನ್ನು ತನ್ನ ಕಡೆ ಎಳೆದುಕೊಂಡ. ಮುಚ್ಚಳ ತೆಗೆಸಿ ಮೂಸಿದ. ಮತ್ತೊಮ್ಮೆ ಮೂಸಿದ. ಹಿಂದಿನ ಸೀಟಿನ ಅಜ್ಜ ಒಬ್ಬರು, “ಕಲ್ಯಾಣದಾಗ ನೀರ ಬಂದ್ ಆಗ್ಯದೇನು, ಇವರು ಹುಮನಾಬಾದಿಂದ ಒಯ್ಯಾಕತ್ತಾರ” ಎಂದು ಚಿಂತೆಗೆ ಬಿದ್ದರು.

ಕೊನೆಗೆ ಕಂಡಕ್ಟರ್ ನನ್ನನ್ನು ತನ್ನ ಕಣ್ಣೆದುರಿನ ಸೀಟಿನಲ್ಲಿ ಕೂರಿಸಿ, ಕ್ಯಾನನ್ನು ನನ್ನ ತೊಡೆಯ ಮೇಲೇ ಇಡಿಸಿದ. “ಬರೇ ನೀರ ಅದರಿ, ಯಾಕ ಅಂಜಾಕತ್ತೀರಿ?” ಎಂದೆ.

“ಏನರ ವಾಸನಿ ಬಂದಿದ್ರ ಇಂಥಾದ್ದು ಅಂತ ಗೊತ್ತಾಗ್ತಿತ್ತು. ಏನೂ ಬರವಲ್ದು, ಅದಕ್ಕ ಅಂಜಾಕತ್ತೇನಿ” ಅಂದ.

ಮೂವತ್ತೈದು

ಉಪ್ಪು ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡಲು ನನ್ನ ಹತ್ತಿರ ಸಣ್ಣ ದುರ್ಬೀನಿನಂಥ ಒಂದು ಸಾಧನ ಇದೆ. ಅದರ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು, ಬೆಳಕಿನ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಬೇಕು. ಒಳಗೆ ಗೆರೆ ಮೂವತ್ತೈದಕ್ಕೆ ನಿಂತರೆ ಸಮುದ್ರದ ನೀರಿಗೆ ಸಮ.

ರಂಜಾನ್ ಮುಗಿಯುವ ಸಂಜೆ. ಕರೆಂಟು ಹೋಗಿತ್ತು. ಬೆಳಕಿಗಾಗಿ ಮಾಳಿಗೆ ಹತ್ತಿ, ಪಡುವಣ ಆಕಾಶಕ್ಕೆ ಹಿಡಿದು ನೋಡುತ್ತ ನಿಂತೆ. ಪಕ್ಕದ ಮಾಳಿಗೆಯ ಮೇಲೆ ನಮ್ಮ ನೆರೆಯ ಚಾಚಾ, ಹೊಲಿಗೆ ಅಂಗಡಿಯವರು, ಮನೆಮಂದಿಯನ್ನೆಲ್ಲ ಕರೆದುಕೊಂಡು ಅದೇ ಆಕಾಶದಲ್ಲಿ ಚಂದ್ರನನ್ನು ಹುಡುಕುತ್ತಿದ್ದರು. ಮೋಡ ಇತ್ತು, ಯಾರಿಗೂ ಕಂಡಿರಲಿಲ್ಲ. ನನ್ನ ಕೈಯಲ್ಲಿ ದುರ್ಬೀನು ನೋಡಿದ್ದೇ ಚಾಚಾ ಕಟ್ಟೆಯ ಹತ್ತಿರ ಬಂದರು. ಅವರ ಹಿಂದೆ ಎಲ್ಲರೂ ಬಂದು ನಿಂತರು.

“ಬೇಟಾ, ಕಾಣಾಕತ್ತದೇನು?”

ನನ್ನ ಗಮನ ಗೆರೆಯ ಮೇಲಿತ್ತು. “ಹೌದ್ರಿ ಚಾಚಾ, ಬರೋಬ್ಬರಿ ಕಾಣಾಕತ್ತದ. ಮೂವತ್ತೈದು.”

ಆ ಮಾಳಿಗೆಯವರೆಲ್ಲ ಮೋಡದ ಕಡೆ ಇನ್ನೊಮ್ಮೆ ಕತ್ತೆತ್ತಿದರು. ಆಮೇಲೆ ಚಾಚಾ ಮೆಲ್ಲಗೆ ಹೇಳಿದರು: “ಅಷ್ಟೆಲ್ಲಾ ಬ್ಯಾಡ ಬೇಟಾ. ನಮಗ ಒಂದ ತೋರಸು, ಸಾಕು.”

ಯಾರೂ ಹಾಕದ ಉಪ್ಪು

ಮುಡಬಿಯಿಂದ ತಂಗಿ ಗಂಡನ ಜೊತೆ ಬಂದಿದ್ದಳು. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು, ತಂಗಿ ಬ್ಯಾಳಿ ಬೇಯಿಸಲು ನಿಂತಳು. ಅಡುಗೆಮನೆಯ ಬಾಗಿಲಲ್ಲೇ ನನ್ನ ಡ್ರಮ್ಮು. ನೀರು ಕನ್ನಡಿಯ ಹಾಗೆ ಇತ್ತು. ಅದನ್ನೇ ತಂಬಿಗೆಯಲ್ಲಿ ತುಂಬಿಕೊಂಡು ಬ್ಯಾಳಿಗೆ ಹಾಕಿದ್ದಾಳೆ. ಅಚ್ಚುಕಟ್ಟಿನ ಹೆಣ್ಣುಮಗಳು, ತೆಗೆದಷ್ಟು ನಲ್ಲಿ ನೀರು ತಂದು ಡ್ರಮ್ಮು ತುಂಬಿಸಿಯೂ ಇಟ್ಟಿದ್ದಾಳೆ.

ಊಟಕ್ಕೆ ಕೂತೆವು. ಮೊದಲ ತುತ್ತಿಗೇ ತಂಗಿಯ ಗಂಡನ ಕಣ್ಣು ತುಂಬಿದವು. ತಂಗಿ ರುಚಿ ನೋಡಿ ನನ್ನ ಹೆಂಡತಿಯ ಕಡೆ ತಿರುಗಿದಳು.

“ವೈನಿ, ನೀವು ಉಪ್ಪು ಹಾಕಿದ್ರೇನು?”

“ನಾ ಒಲಿ ಕಡೆ ಬಂದಿಲ್ಲ. ನೀನ ಹಾಕಿರಬೇಕು.”

“ನಾ ಉಪ್ಪಿನ ಡಬ್ಬಿ ಮುಟ್ಟೇ ಇಲ್ಲ, ಕಡೀಕ ಹಾಕಬೇಕಂತ ಬಿಟ್ಟಿದ್ದೆ.”

ನನಗೆ ಅರ್ಥವಾಯಿತು. ಎದ್ದು ಡ್ರಮ್ಮಿನ ಹತ್ತಿರ ಓಡಿದೆ. ನಲ್ಲಿ ನೀರು ಸೇರಿದ ಆ ಡ್ರಮ್ಮು ತೊಟ್ಟಿಗೆ ಹೋಗಿದ್ದರೆ ಹವಳದ ಗತಿ ಏನಾಗುತ್ತಿತ್ತೋ. ಇಡೀ ಡ್ರಮ್ಮು ಚೆಲ್ಲಬೇಕಾಯಿತು. ಹಿಂದಿನಿಂದ ತಂಗಿಯ ಗಂಡನ ಮಾತು ಕೇಳಿಸಿತು:

“ಇಬ್ಬರೂ ಹಾಕಲಾರದ ಹಿಂಗಾಗ್ಯದ. ಹಾಕಿದ್ರ ಹ್ಯಾಂಗ ಇರ್ತಿತ್ತೋ.”

ಅವ್ವನ ತೀರ್ಪು

ಮೊದಮೊದಲು ನನ್ನ ಹವಳ ಮುಷ್ಟಿ ಬಿಗಿದ ಹಾಗೆ ಮುಚ್ಚಿಕೊಂಡೇ ಇತ್ತು. ಬಂದವರೆಲ್ಲ, “ಕಲ್ಲು ಸಾಕ್ಯಾನ” ಎಂದು ನಕ್ಕು ಹೋಗುತ್ತಿದ್ದರು. ನಾನು ಬಿಡಲಿಲ್ಲ. ವಾರವಾರವೂ ನೀರು ಕಲಸಿದೆ, ಬದಲಿಸಿದೆ. ಒಂದು ಬೆಳಿಗ್ಗೆ ಅವ್ವ ಕೂಗಿದಳು, “ಬಾ ಇಲ್ಲಿ, ನಿನ್ನ ಕಲ್ಲು ಹೂ ಬಿಟ್ಟದ.” ಹೋಗಿ ನೋಡಿದರೆ ಹವಳ ಬೆರಳು ಬೆರಳಾಗಿ ಅರಳಿ ನೀರಿನಲ್ಲಿ ಆಡುತ್ತಿತ್ತು. ಅವತ್ತು ಅವ್ವ ಓಣಿಯವರನ್ನೆಲ್ಲ ಕರೆತಂದು ತೋರಿಸಿದಳು.

ಅಲ್ಲಿಂದ ನೀರು ಕಲಸುವ ಕೆಲಸಕ್ಕೆ ಅವಳೇ ಮೇಲ್ವಿಚಾರಕಿ. ಡ್ರಮ್ಮಿನ ಪಕ್ಕ ಕೂತು, “ಇನ್ನಾ ಮಬ್ಬು ಅದ, ಮೋಟಾರ ಬಂದ್ ಮಾಡಬ್ಯಾಡ” ಎನ್ನುತ್ತಾಳೆ. ತಳ ಕಾಣುವಷ್ಟು ತಿಳಿಯಾದ ಮೇಲೆ ಬೆರಳು ಅದ್ದಿ, ನಾಲಿಗೆಗೆ ಹಚ್ಚಿ, “ಹೂಂ, ಈಗ ಹಾಕು” ಎಂದು ಅಪ್ಪಣೆ ಕೊಡುತ್ತಾಳೆ.

ಹೋದ ವರ್ಷ ಓಣಿಯ ಭಜನಾ ಮಂಡಳಿಯ ಹೆಣ್ಣುಮಕ್ಕಳು ಗೋಕರ್ಣಕ್ಕೆ ಹೊರಟರು. ಅವ್ವನೂ ಹೋದಳು. ಹುಟ್ಟಿದಾಗಿನಿಂದ ಅವಳು ಸಮುದ್ರ ಕಂಡವಳಲ್ಲ. ಅಲ್ಲಿ ನಡೆದದ್ದನ್ನು ಜೊತೆಗೆ ಹೋದವರು ಬಂದು ಹೇಳಿದರು. ಎಲ್ಲರೂ ದಂಡೆಯಲ್ಲಿ ನಿಂತು ಕೈಮುಗಿದರಂತೆ. ಇಬ್ಬರು ಅತ್ತೇಬಿಟ್ಟರಂತೆ. ಅವ್ವ ಮಾತ್ರ ಸೀರೆ ಎತ್ತಿ ಹಿಡಿದು ಮೊಣಕಾಲ ತನಕ ನೀರಿಗಿಳಿದು, ಬೊಗಸೆಯಲ್ಲಿ ನೀರು ತೆಗೆದು ಬೆಳಕಿಗೆ ಹಿಡಿದು ನೋಡಿದಳಂತೆ. ಬೆರಳು ಅದ್ದಿ ರುಚಿ ನೋಡಿದಳಂತೆ. ಎಲ್ಲರೂ ಅವಳ ಬಾಯಿಂದ ಏನು ಬರುತ್ತದೋ ಎಂದು ಕಾದರಂತೆ.

“ಉಪ್ಪೇನೋ ನಮ್ಮ ಮಗ ಹಾಕಿದಂಗ ಹಾಕ್ಯಾರ,” ಅಂದಳಂತೆ ಅವ್ವ. “ಆದ್ರ ಇನ್ನಾ ಮಬ್ಬು ಅದ. ಪೂರಾ ಕರಗೂದಕ್ಕಿಂತ ಮೊದಲ ಯಾರೋ ಮೋಟಾರ ಬಂದ್ ಮಾಡ್ಯಾರ.”