ಗಾಜಿನ ಪೆಟ್ಟಿಗೆಯಲ್ಲಿ ಲೂಪ್ ಬಿಡದ ಮಹನೀಯರಿಗೆ

ಸಿನಿಮಾ ಅಧ್ಯಯನದ ಸ್ನಾತಕೋತ್ತರ ವಿಭಾಗದ ಘನತೆವೆತ್ತ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಅದಕ್ಕೇ ನಾನು ಹೇಳುತ್ತಿದ್ದುದು, ಆ ಫಿಲ್ಮು ಹರಿದುಹೋಗುತ್ತದೆ ಎಂದು. ನಿನ್ನೆ ತಮ್ಮ ವಿಭಾಗದ ಪರಿಚಯ ದಿನದಂದು ನನ್ನ ಮಾತು ಸರಿಯಾಗಿ ಇಲ್ಲಿಗೆ ಬಂದಿದ್ದಾಗಲೇ ತಾವು ಕೈಗಡಿಯಾರ ನೋಡಿಕೊಂಡು ಚಹಾದ ಕಡೆಗೆ ದಯಮಾಡಿಸಿದಿರಿ. ಉಳಿದದ್ದನ್ನು ನಾಲ್ಕು ಜನ ಓದುವಂತೆ ಬರವಣಿಗೆಯಲ್ಲಿ ಸಲ್ಲಿಸುತ್ತಿದ್ದೇನೆ. ಕಾಲೇಜಿನಲ್ಲಿ ಅರ್ಜಿ ಬರೆಯಲು ಕಲಿಸಿದ ಮೇಷ್ಟ್ರು ‘ಐ ಮೋಸ್ಟ್ ಹಂಬ್ಲಿ ಬೆಗ್ ಟು’ ಎಂದು ಶುರು ಮಾಡಿಸುತ್ತಿದ್ದರು. ಟು ಆದಮೇಲೆ ಏನೋ ಇತ್ತು, ಮರೆತಿದೆ. ಹಂಬ್ಲಿ ಮಾತ್ರ ಉಳಿದಿದೆ, ಅದನ್ನು ತಮ್ಮ ಪಾದಕ್ಕಿಟ್ಟು ಮುಂದುವರಿಯುತ್ತೇನೆ.

ನಾನು ಮೂವತ್ತೊಂದು ವರ್ಷ ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯಲ್ಲಿದ್ದವನು. ರೀಲು ಮುಗಿಯುವ ಮುಂಚೆ ಪರದೆಯ ಬಲಮೂಲೆಯಲ್ಲಿ ಎರಡು ಸಲ ಚುಕ್ಕೆ ಮಿಂಚುತ್ತದೆ. ಮೊದಲ ಚುಕ್ಕೆಗೆ ಎರಡನೇ ಯಂತ್ರದ ಮೋಟಾರು ಹಾಕಬೇಕು, ಮುಂದಿನ ಚುಕ್ಕೆಗೆ ಬೆಳಕು ಬದಲಿಸಬೇಕು. ಆ ಚುಕ್ಕೆ ಕಾಯುತ್ತ ಕಾಯುತ್ತ ನಾನು ಸಾವಿರಾರು ಸಿನಿಮಾಗಳ ಬಲಮೂಲೆಯನ್ನು ಮಾತ್ರ ನೋಡಿದ್ದೇನೆ. ನನ್ನ ಹೆಂಡತಿ, ಈಗಿಲ್ಲ, ಅದೇ ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದಳು. ತಡವಾಗಿ ಬಂದವರೆಲ್ಲ ಒಳಗೆ ಹೋಗುವವರೆಗೆ ಬಾಗಿಲು ಬಿಡುವಂತಿರಲಿಲ್ಲವಾದ್ದರಿಂದ ಯಾವ ಸಿನಿಮಾದ ಆರಂಭವನ್ನೂ ಅವಳು ನೋಡಲಿಲ್ಲ. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಪೂರ್ತಿ ನೋಡುತ್ತಿದ್ದವಳು ಮಗಳೊಬ್ಬಳೇ. ಊಟದ ಹೊತ್ತಿಗೆ ಅಮ್ಮನಿಗೆ ಆರಂಭ ಹೇಳುವುದು ಅವಳ ಕೆಲಸ. ಆಸ್ಪತ್ರೆಯ ಕೊನೆಯ ತಿಂಗಳಲ್ಲೂ ಹೇಳಿದಳು, ದಿನಕ್ಕೊಂದು ಆರಂಭ. ತಮ್ಮಲ್ಲಿ ಓದಬೇಕೆಂದು ಅರ್ಜಿಯ ಜೊತೆ ಅವಳು ಬರೆದು ಕಳಿಸಿದ್ದು ಇದನ್ನೇ. ಸಂದರ್ಶನದಲ್ಲಿ ತಾವು ಅದನ್ನು ಕೇಳಿ ‘ವೆರಿ ಇಂಟರೆಸ್ಟಿಂಗ್ ಕೇಸ್ ಸ್ಟಡಿ’ ಎಂದಿರಂತೆ. ನನ್ನ ಹೆಂಡತಿಯನ್ನು ಆ ಪದವಿಗೆ ಏರಿಸಿದ್ದಕ್ಕೆ ಕುಟುಂಬದ ಪರವಾಗಿ ಕೃತಜ್ಞತೆಗಳು.

ಈಗ ಗಾಜಿನ ಪೆಟ್ಟಿಗೆಗೆ ಬರೋಣ. ತಮ್ಮ ಕಾರಿಡಾರಿನಲ್ಲಿ, ಪ್ರಾಧ್ಯಾಪಕರ ಫೋಟೋಗಳ ಸಾಲಿನ ಕೆಳಗೆ, ಹಳೆಯ ಪ್ರೊಜೆಕ್ಟರೊಂದು ಫಿಲ್ಮು ಸುತ್ತಿಸಿಕೊಂಡು ನಿಂತಿದೆ. ಹಲ್ಲುಚಕ್ರ ಫಿಲ್ಮನ್ನು ಒಂದೇ ಸಮ ಎಳೆಯುತ್ತದೆ, ದೀಪದ ಮುಂದೆ ಮಾತ್ರ ಅದು ನಿಂತು ನಿಂತು ಸಾಗಬೇಕು. ಆ ಎರಡರ ಜಗಳ ತಡೆದುಕೊಳ್ಳಲೆಂದು ಮೇಲೊಂದು ಕಡೆ, ಕೆಳಗೊಂದು ಕಡೆ ಫಿಲ್ಮನ್ನು ಸ್ವಲ್ಪ ಸಡಿಲ ಬಿಡುತ್ತೇವೆ, ಅದೇ ಲೂಪ್. ಅದಿಲ್ಲದೆ ಓಡಿಸಿದರೆ ಫಿಲ್ಮು ಹರಿಯುತ್ತದೆ. ತಮ್ಮ ಯಂತ್ರದಲ್ಲಿ ಲೂಪೇ ಇಲ್ಲ. ಬಿಗಿಯಾಗಿ, ಶಿಸ್ತಾಗಿ, ತಮ್ಮ ಟೈಯಂತೆ ಎಳೆದು ಕಟ್ಟಿದ್ದಾರೆ. ನಾನು ತೋರಿಸಿದ್ದಕ್ಕೆ ತಾವು “ಅದು ನೋಡೋಕ್ಕಿರೋದು ಸಾರ್, ಓಡ್ಸೋಕ್ಕಲ್ಲ” ಎಂದಿರಿ. ವಿಭಾಗದ ಧ್ಯೇಯವಾಕ್ಯವನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಕ್ಕಿಲ್ಲ.

ಆಮೇಲೆ ಮಾದರಿ ತರಗತಿ. ಏಳು ನಿಮಿಷದ ತುಣುಕನ್ನು ತಾವು ಒಂಬತ್ತು ಸಲ ನಿಲ್ಲಿಸಿ ಒಂದೂವರೆ ಗಂಟೆ ಮಾತನಾಡಿದಿರಿ. ನಮ್ಮಲ್ಲಿ ಒಂದೇ ಒಂದು ಸಲ ಚಿತ್ರ ನಿಂತರೂ ಜನ ಶಿಳ್ಳೆ ಹೊಡೆದು, ಸೀಟು ಕಿತ್ತು, ನನ್ನ ವಂಶವನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು. ತಮಗೆ ಚಪ್ಪಾಳೆ ಬಿತ್ತು. ವಿದ್ಯೆಯ ಮಹಿಮೆ ಎಂದರೆ ಇದೇ ಇರಬೇಕು.

ಆದಕಾರಣ ನನ್ನ ವಿನಮ್ರ ಬೇಡಿಕೆಗಳು: ವಿಭಾಗದ ಪ್ರಾಧ್ಯಾಪಕರೆಲ್ಲ ವರ್ಷಕ್ಕೊಮ್ಮೆಯಾದರೂ ರೀಲಿನ ಡಬ್ಬಗಳನ್ನು ಹೊತ್ತು ನಲವತ್ತೆರಡು ಮೆಟ್ಟಿಲು ಹತ್ತತಕ್ಕದ್ದು, ಪ್ರೇಕ್ಷಕನ ಬಗ್ಗೆ ಪುಸ್ತಕ ಬರೆದವರು ಒಬ್ಬ ಪ್ರೇಕ್ಷಕನನ್ನು ಮುಖತಃ ಭೇಟಿಯಾಗತಕ್ಕದ್ದು, ಮತ್ತು ಎರಡು ವರ್ಷದಲ್ಲಿ ಒಂದು ಸಿನಿಮಾವನ್ನು, ಯಾವುದಾದರೂ ಸರಿ, ಕೊನೆಯವರೆಗೆ ತೋರಿಸತಕ್ಕದ್ದು. ಮೂರನೆಯದು ಅಸಾಧ್ಯವೆಂದು ಬಲ್ಲೆ, ಬರೆದಿಡುತ್ತೇನೆ ಅಷ್ಟೇ.

ಮಗಳಿಗೆ ಇನ್ನೊಂದು ಕಡೆಯಿಂದಲೂ ಕರೆ ಬಂದಿದೆ. ಅಲ್ಲಿ ಕಾರಿಡಾರೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಎಲ್ಲ ಪಾಠವೂ ಮನೆಯಲ್ಲೇ, ಅಂಗೈಯಗಲದ ಮೊಬೈಲಿನಲ್ಲೇ. ಹೇಗಿದ್ದರೂ ಮನೆಯಲ್ಲೇ ಇರುತ್ತಾಳಲ್ಲ ಎಂದು ನಾನು ಅದನ್ನೇ ಹೊಗಳಿದೆ. ಅವಳು ನಕ್ಕು, “ಅಪ್ಪಾ, ಇರುವೆ ಸೈಜಿನ ಸಿನಿಮಾ ನೋಡೋಕೆ ನಿನ್ನ ಪಕ್ಕ ಅಷ್ಟು ವರ್ಷ ಸೆಕೆ ತಿಂದ್ನಾ ನಾನು?” ಎಂದಳು. ತಮ್ಮಲ್ಲಿರುವ ತಪ್ಪುಗಳನ್ನು ನಾನು ಬೆರಳು ಮಡಚಿ ಎಣಿಸಿದರೆ, “ಅದಕ್ಕೇ ಅಲ್ಲಿಗೆ ಹೋಗ್ತೀನಿ ಅಂತಿರೋದು. ಎಲ್ಲಾ ಸರಿಯಿದ್ರೆ ನಾನ್ಯಾಕೆ ಬೇಕು ಅವರಿಗೆ?” ಎಂಬ ಉತ್ತರ. ತಮ್ಮಲ್ಲಿ ಸೇರುವ ಒಪ್ಪಿಗೆ ಪತ್ರ ಇವತ್ತು ಸಂಜೆ ಆರರೊಳಗೆ ತಮಗೆ ತಲುಪಬೇಕಂತೆ, ಅದರಲ್ಲಿ ಪೋಷಕರ ಸಹಿಗೊಂದು ಗೆರೆ. ಆ ಹಾಳೆ ಬೆಳಗಿನಿಂದ ಈ ಪತ್ರದ ಅಡಿಯಲ್ಲೇ ಇದೆ. ನಾನು ಬರೆಯುತ್ತಲೇ ಇದ್ದೇನೆ. ಪಕ್ಕದ ಕೋಣೆಯಿಂದ ಅವಳು ಮೂರು ಸಲ ಕೇಳಿಯಾಯಿತು: “ಬೈಯೋದು ಮುಗೀತಾ ಅಪ್ಪಾ?”

ಮುಗಿದಿಲ್ಲ. ತಮ್ಮ ಪಠ್ಯಪಟ್ಟಿ, ತಮ್ಮ ಸಭಾಂಗಣದ ಕಿರುಗುಟ್ಟುವ ಕುರ್ಚಿ, ಕಿಟಕಿಗೆ ಕಪ್ಪು ಪರದೆಯಿಲ್ಲದೆ ಹಗಲು ಬೆಳಕಿನಲ್ಲೇ ತೋರಿಸಿದ ಆ ಮಾಸಲು ಚಿತ್ರ, ಎಲ್ಲ ಬಾಕಿ ಇವೆ. ಆದರೆ ಇಲ್ಲೂ ಕಿಟಕಿಯ ಬೆಳಕು ಇಳಿಯುತ್ತಿದೆ, ಬರೆದ ಸಾಲು ಕಾಣುತ್ತಿಲ್ಲ. ಹಾಳೆಯ ಬಲಮೂಲೆಯಲ್ಲಿ ಮಾತ್ರ ಸ್ವಲ್ಪ ಬಿಸಿಲು ಉಳಿದಿದೆ. ಅಡಿಯ ಹಾಳೆಯನ್ನು ಎಳೆದು ಸಹಿ ಹಾಕಿದ್ದೇನೆ.

ಬಲಮೂಲೆಯಿಂದ ತಮ್ಮ ವಿಶ್ವಾಸಿ,
ನಿವೃತ್ತ ಪ್ರೊಜೆಕ್ಟರ್ ಆಪರೇಟರ್

ತಾ.ಕ.: ನಿನ್ನೆ ತಾವು ನನ್ನನ್ನು ಬಿಟ್ಟು ಚಹಾಕ್ಕೆ ಹೋಗಿದ್ದಾಗ ಮಗಳು ಕಾರಿಡಾರಿನಲ್ಲೇ ಉಳಿದಿದ್ದಳು. ಪೆಟ್ಟಿಗೆಗೆ ಬೀಗವಿರಲಿಲ್ಲ. ಹೊರಡುವಾಗ ನೋಡಿದೆ, ಲೂಪ್ ಎರಡೂ ಕಡೆ ಸರಿಯಾಗಿದೆ, ಅವಳ ಬೆರಳ ತುದಿ ಕಪ್ಪಾಗಿದೆ. ಆ ಸಂಜೆಯೆಲ್ಲ ತಾವು ಹನ್ನೊಂದು ಮಂದಿ ವಿದ್ವಾಂಸರು ಅದರ ಮುಂದೆಯೇ ಹಾದುಹೋದಿರಿ. ಅವಳು ಬಂದಮೇಲಾದರೂ ಯಾರಾದರೂ ಗಮನಿಸಿದರೆ ದಯವಿಟ್ಟು ಒಂದು ಕಾರ್ಡು ಹಾಕಿ. ಫ್ರೇಮು ಕಟ್ಟಿಸಿ ಗಾಜಿನಲ್ಲಿಡುತ್ತೇನೆ.