ನೋಡಿ ಹೇಳ್ತೇನೆ ಎಂದ ಬ್ರೌಸರು

ಕಂಪ್ಯೂಟರಿಗೆ ಬುದ್ಧಿ ಇದೆ ಎನ್ನುವವರನ್ನು ಕಂಡರೆ ನನಗೀಗ ಮೈಯೆಲ್ಲ ಉರಿಯುತ್ತದೆ. ಬೀದರಿನ ನಮ್ಮ ಮನೆಯಲ್ಲಿ, ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕುಳಿತು ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಬುದ್ಧಿ ಇದ್ದವರು ಯಾರಾದರೂ "ನೋಡಿ ಹೇಳ್ತೇನೆ" ಎಂಬ ಮಾತನ್ನು "ಸರಿ ಇದೆ" ಎಂದು ತಿಳಿಯುತ್ತಾರೆಯೇ? ನಲ್ಲಿ ರಿಪೇರಿಯವನು "ಬರ್ತೇನ್ರಿ ಅಕ್ಕಾರ" ಎಂದ ಕೂಡಲೇ ಹೆಗಲಿಗೆ ಟವೆಲ್ ಹಾಕಿಕೊಂಡು ಸ್ನಾನಕ್ಕೆ ಹೊರಡುತ್ತಾರೆಯೇ?

ಭಾಲ್ಕಿಯಲ್ಲಿ ಬ್ಯಾನರ್ ಅಂಗಡಿ ಇಟ್ಟಿರುವ ಖಯ್ಯೂಮ್ ಭಾಯಿಗೆ ಒಂದು ಸೈಟ್ ಮಾಡಿಕೊಟ್ಟಿದ್ದೆ. ಗಿರಾಕಿಗಳು ಮೊಬೈಲಿನಿಂದಲೇ ಫೋಟೋ ಅಪ್‌ಲೋಡ್ ಮಾಡಬಹುದು. ಚಿಕ್ಕ ಫೋಟೋ ಹಿಗ್ಗಿಸಿದರೆ ಮುಖ ಒಡೆದುಹೋಗುತ್ತದಲ್ಲ, ಅದಕ್ಕೇ ಗಿರಾಕಿಯ ಬ್ರೌಸರಿನಲ್ಲೇ ಅಳತೆ ನೋಡುವ ವ್ಯವಸ್ಥೆ ಇಟ್ಟಿದ್ದೆ. "ಸಣ್ಣ ಫೋಟೋ ಒಂದೂ ಒಳಗ ಬರಂಗಿಲ್ಲ, ಬಿಡ್ರಿ" ಎಂದು ಎದೆ ತಟ್ಟಿಕೊಂಡು ಹೇಳಿದ್ದೆ. ಪರೀಕ್ಷೆಗೆ ನಾನು ಹಾಕಿ ನೋಡಿದ್ದೆಲ್ಲ ದೊಡ್ಡ ಫೋಟೋಗಳೇ ಎಂಬುದು ಬೇರೆ ಮಾತು.

ಔರಾದಿನ ಶಾಂತಾಬಾಯಿ ಟೀಚರ್ ನಿವೃತ್ತರಾಗುತ್ತಿದ್ದರು. ಶಾಲೆಯವರು ಸೈಟಿನಲ್ಲೇ ಫೋಟೋ ಹಾಕಿ, ಗೇಟಿಗೆ ಅವರ ದೊಡ್ಡ ಬ್ಯಾನರು ಮಾಡಿಸಿದ್ದರು. ಸಮಾರಂಭದ ಬೆಳಿಗ್ಗೆ ಅಲ್ಲಿಂದ ಖಯ್ಯೂಮ್ ಭಾಯಿಯ ಫೋನು ಬಂತು.

"ಅಕ್ಕಾರ, ಏನ್ ಮಾಡೀರಿ ಇದು? ಟೀಚರ್ ಮುಖ ಫರ್ಶಿ ಕಲ್ಲು ಹಾಸ್ದಂಗ ಚೌಕ ಚೌಕ ಆಗ್ಯಾದ! ಮೂಗು ಎಲ್ಲದ ಅಂತ ಹುಡಕಲತ್ತೀವಿ!"

"ಪ್ರಿಂಟ್ ಮಾಡೋ ಮೊದ್ಲು ನೀವರ ನೋಡಬಾರದೇನ್ರಿ?"

"ನಾ ಯಾಕ ನೋಡ್ಲಿ? ಸೈಟೇ ನೋಡ್ತದ ಅಂತ ನೀವೇ ಅಂದಿದ್ರಲ್ರಿ!"

ಸಿಟ್ಟಿನಲ್ಲೇ ಕೋಡ್ ತೆರೆದೆ. ಫೋಟೋದ ಅಗಲ ತಿಳಿಯಬೇಕಾದರೆ ಬ್ರೌಸರ್ ಅದನ್ನು ಬಿಚ್ಚಿ ನೋಡಬೇಕು, ಅದಕ್ಕೆ ತುಸು ಹೊತ್ತು ಬೇಕು. ಅಲ್ಲಿಯವರೆಗೆ ಅದು ಕೈಗೊಂದು ಭರವಸೆ ಕೊಡುತ್ತದೆ, ಆಮೇಲೆ ಹೇಳುತ್ತೇನೆ ಎಂದು. ನನ್ನ ಕೋಡು ಆ ಭರವಸೆಯನ್ನೇ "ಹೌದು" ಎಂದುಕೊಂಡು ಫೋಟೋ ಕಳಿಸಿಬಿಟ್ಟಿತ್ತು! "ಚಿಕ್ಕದು" ಎಂಬ ನಿಜವಾದ ಉತ್ತರ ಬಂದಾಗ ಕೇಳುವವರೇ ಇರಲಿಲ್ಲ. ಬರೀ ಭರವಸೆಯೂ "ಹೌದು" ಅಂತೆ! ಕೋಡ್ ಬರೆಯುವ ಈ ಭಾಷೆ ಕಟ್ಟಿದ ಪುಣ್ಯಾತ್ಮ ಜನ್ಮದಲ್ಲಿ ಯಾವ ಕಚೇರಿಗೂ ಅರ್ಜಿ ಹಿಡಿದು ಅಲೆದವನಲ್ಲ. ಕಾಯಬೇಕು ಎನ್ನುವ ಒಂದೇ ಪದ ಅಲ್ಲಿ ಇರಬೇಕಿತ್ತು. ಅದನ್ನು ಬರೆಯದೆ ಬಿಟ್ಟವಳು ನಾನೇ, ಆದರೂ ಸಿಟ್ಟು ಭಾಷೆಯ ಮೇಲೆಯೇ. ಆ ಪದ ಸೇರಿಸಿ, ಕ್ಷಮೆ ಕೇಳಲು ಔರಾದಿನ ಬಸ್ಸು ಹತ್ತಿದೆ.

ಟೀಚರ್ ಗೇಟಿನ ಮುಂದೆ ಕತ್ತೆತ್ತಿ ನಿಂತಿದ್ದರು. "ಯಾರವ್ವ ಇದನ್ನ ಮಾಡಿದ್ದು?"

"ನಾನೇ ರಿ. ತಪ್ಪಾಗ್ಯಾದ್ರಿ, ಈಗ ತೆಗಿಸ್ತೇನಿ."

"ಯಾಕ ತೆಗಿಸ್ತಿ? ಭಾಳ ಛಲೋ ಬಂದದ. ಮುಖದ ಮ್ಯಾಲ ಒಂದರ ಸುಕ್ಕು ಕಾಣ್ತದೇನು ನೋಡು!"

ಕೆಲವು ದಿನಗಳ ಮೇಲೆ ಖಯ್ಯೂಮ್ ಭಾಯಿ ಮತ್ತೆ ಫೋನು ಮಾಡಿದರು. "ಟೀಚರ್ ಗೆಳತ್ಯಾರಿಗೂ ಚೌಕ ಚೌಕದ್ದೇ ಬೇಕಂತ್ರಿ. ನಿಮ್ಮ ಸೈಟು ಸಣ್ಣ ಫೋಟೋ ಒಳಗ ಬಿಡವಲ್ದು!"

ಅವಮಾನ ನುಂಗಿಕೊಂಡು, ಅಷ್ಟು ನಿಷ್ಠೆಯಿಂದ ಸರಿಮಾಡಿದ ತಪಾಸಣೆಯ ಪಕ್ಕದಲ್ಲೇ "ಇರಲಿ, ಹೀಗೇ ಮುದ್ರಿಸಿ" ಎಂಬ ಬಟನ್ ಇಟ್ಟೆ.

ಮೊನ್ನೆ ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಮನೆಯವರು ಹೊಸ ಫೋನಿನಲ್ಲಿ ನನ್ನ ಫೋಟೋ ತೆಗೆದರು. ಎಷ್ಟು ನಿಚ್ಚಳ ಎಂದರೆ ಕಣ್ಣ ಕೆಳಗಿನದೆಲ್ಲ ಎದ್ದು ಕಾಣುತ್ತಿತ್ತು. ಅದನ್ನು ನಾನೇ ಅಂಗೈಯಗಲ ಕುಗ್ಗಿಸಿ, ಬ್ಯಾನರಿಗೆಂದು ಖಯ್ಯೂಮ್ ಭಾಯಿಯ ಸೈಟಿಗೆ ಅಪ್‌ಲೋಡ್ ಮಾಡಿದೆ. ಬ್ರೌಸರ್ ಫೋಟೋ ಬಿಚ್ಚಿತು, ಅಳೆಯಿತು. ಕೋಡು ತಾಳ್ಮೆಯಿಂದ ಕಾಯಿತು. ಕೊನೆಗೆ "ಚಿಕ್ಕದು" ಎಂದು ಸರಿಯಾಗಿಯೇ ಹೇಳಿತು. ಅದರ ಮಾತು ಮುಗಿಯುವ ಮೊದಲೇ ನಾನು "ಇರಲಿ" ಬಟನ್ ಒತ್ತಿಯಾಗಿತ್ತು.